ರುಚಿ ನೋಡದವರ ಕೆನೆಕಾಫಿ

ಮೋದೀನಸಾಬರು ಬಟ್ಟಲಿನ ರುಚಿಯನ್ನು ಕಿವಿಯಿಂದ ನೋಡುತ್ತಿದ್ದರು. ಬಿಸಿ ಕರಿಕಾಫಿಗೆ ಸಕ್ಕರೆ ಹಾಕಿ ಚಮಚ ತಿರುಗಿಸುವಾಗ ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಮುಚ್ಚಿ, ದೂರದಿಂದ ಯಾರೋ ಕೂಗಿದ್ದನ್ನು ಕೇಳಿಸಿಕೊಳ್ಳುವವರಂತೆ ನಿಲ್ಲುತ್ತಿದ್ದರು. ಸಕ್ಕರೆಯ ಹರಳು ಇರುವ ತನಕ ಚಮಚ ಕರಕರ ಎನ್ನುತ್ತದೆ. ಕರಗಿದ ಮೇಲೆ ಸಪ್ಪಳ ನುಣ್ಣಗಾಗುತ್ತದೆ. ಆಗ ಬಟ್ಟಲಿನ ಅಂಚಿಗೆ ಉಗುರಿನಿಂದ ಒಮ್ಮೆ ತಟ್ಟಿ "ಆತು" ಎನ್ನುತ್ತಿದ್ದರು. ಆಮೇಲೆ ಬ್ರಾಂದಿ. ಎಲ್ಲಕ್ಕೂ ಕೊನೆಗೆ ಕೆನೆ. ಹೀಗೆ ಇಪ್ಪತ್ತೈದು ವರ್ಷ, ಜಮಖಂಡಿ ಸಂಸ್ಥಾನದ ಅತಿಥಿ ಬಂಗಲೆಯಲ್ಲಿ, ಬಂದ ಸಾಹೇಬರಿಗೂ ಸರದಾರರಿಗೂ ಊಟದ ನಂತರ ಅವರು ಕೆನೆಕಾಫಿ ಮಾಡಿ ಕೊಟ್ಟರು. ಅದರ ಒಂದು ಹನಿಯೂ ಅವರ ನಾಲಿಗೆಗೆ ತಾಕಿರಲಿಲ್ಲ. ಅವರು ಐದು ಹೊತ್ತು ನಮಾಜು ಮಾಡುವ ಮನುಷ್ಯ. ಹೆಂಡದ ಹನಿ ಬೆರಳಿಗೆ ಸಿಡಿದರೂ ತೊಳೆದುಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕುವವರು.

ಬಂಗಲೆಯ ಮದ್ಯದ ಕಪಾಟಿನ ಕೀಲಿ ಇದ್ದದ್ದು ನನ್ನ ಅಪ್ಪನ ಉಡಿದಾರದಲ್ಲಿ. ಅಪ್ಪ ಅಲ್ಲಿ ಕಾರಕೂನರು. ತೇರದಾಳದ ಜೈನರು ನಾವು. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟದ, ಜೇನುತುಪ್ಪವನ್ನೂ ತಿನ್ನದ ಮನೆ. ಅಂಥ ಅಪ್ಪನಿಗೆ ಆ ಕೀಲಿ ಹೇಗೆ ಬಂತು ಎಂದು ನಾನು ಎಂದೂ ಕೇಳಲಿಲ್ಲ. ಕುಡಿಯದವನ ಕೈಯಲ್ಲಿದ್ದರೆ ಬಾಟಲಿ ಭದ್ರ ಎಂದು ಮೇಲಿನವರು ಎಣಿಸಿರಬೇಕು. ಕಪಾಟು ತೆರೆಯುವುದು ಅಪ್ಪ, ಬೆರೆಸುವುದು ಮೋದೀನಸಾಬರು. ಮದ್ಯದ ರುಚಿ ತಿಳಿಯದ ಇಬ್ಬರು ಸೇರಿ ಒಂದು ಸಂಸ್ಥಾನದ ಅತಿಥಿಗಳಿಗೆ ಕುಡಿಸುತ್ತಿದ್ದರು.

ಸಂಜೆಗೆ ಮುಂಚೆ ಇಬ್ಬರೂ ಬಂಗಲೆಯ ಗುಡ್ಡ ಇಳಿದು ಬಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂಡುತ್ತಿದ್ದರು. ಅವರ ಮಾತು ನನಗೆ ಈಗಲೂ ಕಿವಿಯಲ್ಲಿದೆ ಎಂದುಕೊಳ್ಳುತ್ತೇನೆ. ಹಾಗೆ ಅಂದುಕೊಂಡದ್ದು ಎಷ್ಟು, ಕೇಳಿದ್ದು ಎಷ್ಟು ಎಂದು ಮಾತ್ರ ಪ್ರಮಾಣ ಮಾಡಲಾರೆ.

"ಅಣ್ಣಾರ, ಇವತ್ತ ತಗದ ಬ್ರಾಂದಿ ಹೆಂಗಿತ್ತರಿ?"

"ನನಗೇನ ಗೊತ್ತೋ ಮೋದೀನಾ? ಮೂಗಿಗೆ ಛಲೋ ಅನಸ್ತು. ನಿನ್ನ ಕಾಫಿ?"

"ಕಿವಿಗೆ ಛಲೋ ಅನಸ್ತರಿ."

"ಹಂಗಾದ್ರ ಕುಡದಾವ್ರು ಪುಣ್ಯಾ ಮಾಡ್ಯಾರ ಬಿಡು."

ಕೆನೆಕಾಫಿ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಮೋದೀನಸಾಬರು ತಿಳಿಯುತ್ತಿದ್ದದ್ದು ಕುಡಿಯುವವರ ಮೀಸೆಯಿಂದ. ಕೆನೆ ಕಾಫಿಯೊಳಗೆ ಬೆರೆಯಬಾರದು. ಮೇಲೆ ಒಂದು ಬೆರಳು ದಪ್ಪ, ಬಿಳಿ ಹಾಸಿನಂತೆ ತೇಲಬೇಕು. ತಣ್ಣನೆಯ ಕೆನೆಯ ಕೆಳಗಿಂದ ಬಿಸಿ ಕಾಫಿ ಬಾಯಿಗೆ ಬರಬೇಕು. ಹಾಗೆ ಬಂದರೆ ಮೀಸೆಯ ಕೆಳಗೆ ಸುಣ್ಣ ಬಳಿದಂಥ ಬಿಳಿ ಗೆರೆ ಮೂಡುತ್ತದೆ. "ಮೀಸಿ ಬೆಳ್ಳಗಾತಂದ್ರ ನನ್ನ ಕೆಲಸ ಆತು. ಮೀಸಿ ಕಂದು ಆತಂದ್ರ ಆವತ್ತ ನನಗ ಊಟ ಸೇರಾಂಗಿಲ್ಲ" ಎನ್ನುತ್ತಿದ್ದರು. ಬಿಳಿ ಮೀಸೆಯ ಸಾಹೇಬರೊಬ್ಬರು ದರ್ಪದಿಂದ ಕುಳಿತ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಬಂಗಲೆಯ ಊಟದ ಕೋಣೆಗೆ ನಾನು ಕಾಲಿಟ್ಟವಳೇ ಅಲ್ಲ. ಅದು ಅವರು ಹೇಳಿದ್ದರಿಂದ ಮೂಡಿದ ಚಿತ್ರ.

ಅವರ ರೂಪವೂ ಹಾಗೆಯೇ. ಎತ್ತರದ ಆಳು ಎಂದು ನಾನು ಬರೆಯಲು ಹೊರಟಿದ್ದೆ. ಅವ್ವನನ್ನು ಕೇಳಿದರೆ, "ಎಲ್ಲಿ ಎತ್ತರ? ನಿಮ್ಮಪ್ಪನ ಭುಜಕ್ಕ ಬರತಿದ್ದಾ" ಎಂದಳು. ಬಿಳಿ ಅಂಗಿ, ಸೊಂಟಕ್ಕೆ ಬಿಗಿದ ಕೆಂಪು ಪಟ್ಟಿ, ಯಾವಾಗಲೂ ತೊಳೆದಂತೆ ಕಾಣುವ ಕೈಗಳು: ಇಷ್ಟಕ್ಕೆ ನಾವಿಬ್ಬರೂ ಒಪ್ಪಿದೆವು.

ಇಷ್ಟು ಒಡನಾಟವಿದ್ದರೂ ಅಪ್ಪ ಅವರ ಕೈಯಿಂದ ಒಂದು ಲೋಟ ನೀರು ಕುಡಿದವರಲ್ಲ. ಆ ಕಾಲಕ್ಕೆ ಅದನ್ನು ಯಾರೂ ವಿಶೇಷವಾಗಿ ಗಮನಿಸುತ್ತಿರಲಿಲ್ಲ. ಮೋದೀನಸಾಬರಂತೂ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ನಮ್ಮ ಮನೆಗೆ ಬರುವಾಗ ಅವರು ಹಣ್ಣು ತರುತ್ತಿದ್ದರು. ಪೇರಲವನ್ನೋ ಸೀತಾಫಲವನ್ನೋ ಕಟ್ಟೆಯ ತುದಿಗೆ ಇಟ್ಟು, "ಗಿಡದಾಗ ಹುಟ್ಟೇತ್ರಿ ವೈನಿ, ನಾ ಬರೇ ಹೊತ್ತ ತಂದೇನಿ" ಎಂದು ಅವ್ವನಿಗೆ ಹೇಳುತ್ತಿದ್ದರು. ಅವ್ವ ನಗುತ್ತಲೇ ಅದರ ಮೇಲೆ ಎರಡು ತಂಬಿಗೆ ನೀರು ಸುರಿದು ಒಳಗೆ ಒಯ್ಯುತ್ತಿದ್ದಳು. ಅವರಿಗೆ ಮನಸ್ಸಿಗೆ ಹತ್ತಿರಲಿಲ್ಲ ಎಂದು ಈಗ ನಾನು ಅಷ್ಟು ಸುಲಭವಾಗಿ ಬರೆಯಲಾರೆ. ಕಾಣಲಿಲ್ಲ, ಅಷ್ಟೇ.

ಅವರಿಬ್ಬರ ನಡುವೆ ಇದ್ದದ್ದು ಏನೆಂದು ತಿಳಿಯಬೇಕಾದರೆ ಬಂಗಲೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಮುಧೋಳದ ಬೇಟೆನಾಯಿಗಳನ್ನು ನೋಡಲು ಬಂದಿದ್ದ ಅತಿಥಿಯೊಬ್ಬರ ಸ್ವಂತ ಬ್ರಾಂದಿ ಸೀಸೆ ಬೆಳಗಾಗುವುದರೊಳಗೆ ಅರ್ಧ ಖಾಲಿಯಾಗಿತ್ತಂತೆ. ಅತಿಥಿ ಕೂಗಾಡಿದರು. ಬಂಗಲೆಯ ವ್ಯವಸ್ಥಾಪಕ ಮೋದೀನಸಾಬರನ್ನು ಎಲ್ಲರೆದುರು ನಿಲ್ಲಿಸಿ, ಒಬ್ಬ ಜವಾನನನ್ನು ಕರೆದು, ಇವನ ಬಾಯಿ ಮೂಸಿ ನೋಡು ಎಂದ. ಆಗ ಅಪ್ಪ ನಡುವೆ ಬಂದರು. ಈ ಸಂಗತಿಯನ್ನು ಅಪ್ಪ ಎರಡು ಮಾತಿನಲ್ಲಿ ಹೇಳುತ್ತಿದ್ದರು, ಮೋದೀನಸಾಬರು ಅರ್ಧ ಗಂಟೆ ಹೇಳುತ್ತಿದ್ದರು. ಎರಡರಲ್ಲೂ ಸಮಾನವಾಗಿದ್ದ ಭಾಗ ಇದು:

"ಮೋದೀನಾ, ಕುಡದೀಯೇನು?"

"ಇಲ್ಲರಿ ಅಣ್ಣಾರ."

ಅಪ್ಪ ವ್ಯವಸ್ಥಾಪಕನ ಕಡೆ ತಿರುಗಿ, "ಇಲ್ಲ ಅಂದಾನ್ರಿ. ಬಾಯಿ ಮೂಸೂದು ಬ್ಯಾಡ. ಮೂಸಬೇಕಂದ್ರ ಈ ಕೀಲಿ ತಗೋರಿ, ನಾನೂ ಹೋಗತೀನಿ" ಎಂದು ಉಡಿದಾರದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರಂತೆ. ಯಾರೂ ಮೂಸಲಿಲ್ಲ. ಊರು ಬಿಡುವಾಗ ಆ ಅತಿಥಿಗೆ, ಆ ರಾತ್ರಿ ಬೇಟೆಗೆ ಹೊರಡುವ ಮುನ್ನ ತಾನೇ ಗೆಳೆಯರಿಗೆ ಹಂಚಿದ್ದು ನೆನಪಾಗಿ ನಗು ಬಂತಂತೆ. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಅಂದಿನಿಂದ ಮೋದೀನಸಾಬರು ಅಪ್ಪನ ಮುಂದೆ ಹುಡುಗಾಟಕ್ಕೂ ಇಲ್ಲದ್ದನ್ನು ಇದೆ ಎನ್ನಲಿಲ್ಲ.

ಯುದ್ಧದ ವರ್ಷಗಳಲ್ಲಿ ನಾನು ಪುಣೆಯಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದೆ. ಅಪ್ಪ ಆಗ ನೌಕರಿಯಿಂದ ನಿವೃತ್ತರಾಗಿದ್ದರು. ಅದೇ ಮಳೆಗಾಲ ಅವರಿಗೆ ವಿಷಮಜ್ವರ ಬಂತು. ಇಪ್ಪತ್ತು ದಿನಕ್ಕೆ ಜ್ವರ ಇಳಿಯಿತು, ಆದರೆ ಅಪ್ಪ ಏಳಲಿಲ್ಲ. ಗಂಜಿ ನಿಲ್ಲುತ್ತಿರಲಿಲ್ಲ, ಹಾಲು ನಿಲ್ಲುತ್ತಿರಲಿಲ್ಲ. ಕೈ ಹಿಡಿದರೆ ನಾಡಿ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ನೋಡಲು ಬಂದ ಡಾಕ್ಟರರು ನನ್ನನ್ನು ಅಂಗಳಕ್ಕೆ ಕರೆದು, ಎದೆ ಸೋತಿದೆ, ದಿನಕ್ಕೆ ಎರಡು ಚಮಚ ಬ್ರಾಂದಿ ಹೊಟ್ಟೆಗೆ ಹೋಗಲೇಬೇಕು ಎಂದು ಒಂದು ಚಿಕ್ಕ ಸೀಸೆ ಕೊಟ್ಟರು. ಅಪ್ಪನಿಗೆ ಹೇಳಿದಾಗ ಅವರು ಕಣ್ಣು ಕೂಡ ತೆರೆಯದೆ, "ಇಪ್ಪತ್ತೈದು ವರ್ಷ ಮುಂದ ಇಟ್ಕೊಂಡ ಮುಟ್ಟಲಿಲ್ಲ. ಈಗ ಹೋಗೂ ಹೊತ್ತಿಗೆ ಮುಟ್ಲೇನು?" ಎಂದರು.

ಆ ಔಷಧ ನಿಜವಾಗಿ ಎಷ್ಟು ಒಳ್ಳೆಯದು ಮಾಡುತ್ತಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಆಗ ಮಾತ್ರ ಅಪ್ಪನ ಜೀವ ಆ ಸೀಸೆಯಲ್ಲಿದೆ ಎಂದೇ ನಾನು ನಂಬಿದ್ದೆ. ತಿಳಿಯದಂತೆ ಕುಡಿಸೋಣವೆಂದರೆ ಒಂದು ತೊಡಕು: ಅಪ್ಪನಿಗೆ ರುಚಿ ಗೊತ್ತಿರಲಿಲ್ಲ, ಆದರೆ ವಾಸನೆ ಗೊತ್ತಿತ್ತು. ಮುಚ್ಚಳ ತೆಗೆದರೆ ಸಾಕು, ಕಣ್ಣು ಮುಚ್ಚಿ ಬಾಟಲಿಯ ಹೆಸರು ಹೇಳುವ ಮನುಷ್ಯ. ಯೋಚಿಸುತ್ತ ಕೂತಾಗ ನನಗೆ ಕೆನೆಕಾಫಿ ನೆನಪಾಯಿತು. ಮೇಲೆ ತಣ್ಣನೆಯ ಕೆನೆ ಮುಚ್ಚಿದ್ದರೆ ಕೆಳಗಿನ ವಾಸನೆ ಮೂಗಿಗೆ ಬರುವುದಿಲ್ಲ.

ಮೋದೀನಸಾಬರನ್ನು ಕರೆಸಿದೆ. ಅವರು ಕಟ್ಟೆಯ ಮೇಲೆ ಕೂತು, ನಾನು ಹೇಳಿದ್ದನ್ನು ಕೇಳಿ, ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು.

"ಅಣ್ಣಾರಿಗೆ ಮೋಸಾ ಮಾಡು ಅಂತೀಯಲ್ಲ ತಂಗಿ."

"ಮೋಸ ಅಲ್ಲ ಕಾಕಾ, ಔಷಧ."

"ಔಷಧ ಅಂತ ಅವರಿಗೇ ಹೇಳಿದಿ. ಬ್ಯಾಡ ಅಂದ್ರು. ಮತ್ತ ಕೊಡೂದಕ್ಕ ಏನಂತಾರು?"

ನಾನು ಅಳತೊಡಗಿದೆ. ಇದು ಮಾತ್ರ ನನಗೆ ಖಚಿತವಾಗಿ ನೆನಪಿದೆ, ಏಕೆಂದರೆ ಆ ಅಳುವಿನಲ್ಲಿ ಅರ್ಧ ನಿಜವಿತ್ತು, ಇನ್ನರ್ಧ ಅವರನ್ನು ಒಪ್ಪಿಸುವುದಕ್ಕಾಗಿ ಇತ್ತು. ಅವರು ಎದ್ದು ನಿಂತರು.

"ಮಾಡೂದು ಹೇಳಿಕೊಡತೀನಿ. ಅಣ್ಣಾರು ಉಳೀಬೇಕು, ನನಗೂ ಅಷ್ಟ ಬೇಕು. ಆದ್ರ ಒಂದ ಮಾತು ಈಗ ಹೇಳಿಬಿಡತೀನಿ. ಅವರು ನನ್ನ ಕೇಳಿದ್ರ ನಾ ಸುಳ್ಳ ಹೇಳಾಂಗಿಲ್ಲ."

"ಅವರು ಯಾಕ ಕೇಳತಾರ ಕಾಕಾ?"

"ಕೇಳಬಾರದವ್ವ. ಅದ ದುವಾ ಮಾಡತೀನಿ."

ಅವರು ನಮ್ಮ ಅಡುಗೆಮನೆಗೆ ಬರುವಂತಿರಲಿಲ್ಲ. ಹಿತ್ತಲಲ್ಲಿ, ಅಡುಗೆಮನೆಯ ಕಿಟಕಿಯ ಹೊರಗೆ ಒಂದು ಕಲ್ಲಿನ ಮೇಲೆ ಕೂತರು. ಒಳಗೆ ನಾನು. ಎಮ್ಮೆಯ ಹಸಿ ಹಾಲನ್ನು ಹಿಂದಿನ ಸಂಜೆಯೇ ಅಗಲ ಪರಾತದಲ್ಲಿ ತಂಪಿಗೆ ಇಟ್ಟು, ಮುಂಜಾನೆ ಮೇಲಿನ ಕೆನೆ ತೆಗೆದಿದ್ದೆ. ಕಾಯಿಸಿದ ಹಾಲಿನ ಕೆನೆ ಬೇಡ, ಅದು ಹರಿದ ಬಟ್ಟೆಯಂತೆ ತುಂಡುತುಂಡಾಗುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದ್ದರು.

"ಕೆನಿ ಕಡಿ. ಮೆತ್ತಗ. ಬೆಣ್ಣಿ ತಗ್ಯಾಕ ಕುಂತಿಲ್ಲ ನೀ."

"ಎಷ್ಟೊತ್ತು?"

"ಎಷ್ಟೊತ್ತಂದ್ರ? ಸೌಟಿನಿಂದ ಬಿಟ್ಟು ನೋಡು. ನೀರಿನಂಗ ಬಿತ್ತಂದ್ರ ಇನ್ನೂ ಕಡಿ. ಮುದ್ದಿ ಬಿತ್ತಂದ್ರ ಆತು, ಎಮ್ಮಿ ಮತ್ತ ಹಿಂಡು. ಅಂಬಲಿ ಬಿದ್ದಂಗ ಬೀಳಬೇಕು."

ಮೊದಲ ದಿನ ಬ್ರಾಂದಿ ಇಲ್ಲದೆ ಬರೀ ಅಭ್ಯಾಸ. ಕಾಫಿಗೆ ಸಕ್ಕರೆ ಹಾಕಿ ಕಲಕಿದೆ. ಅವರು ಹೊರಗಿನಿಂದಲೇ ಸಪ್ಪಳ ಕೇಳಿ, "ಇನ್ನೂ ಹರಳ ಐತಿ" ಎಂದರು. ಇಣುಕಿ ನೋಡಿದರೆ ನಿಜ. ಚಮಚವನ್ನು ಬೋರಲಾಗಿ ಹಿಡಿದು ಅದರ ಬೆನ್ನಿನ ಮೇಲೆ ಕೆನೆ ಬಿಟ್ಟೆ. ಕೆನೆ ಗುಳುಂ ಎಂದು ಮುಳುಗಿ ಕಾಫಿ ಕಂದು ಬಣ್ಣಕ್ಕೆ ತಿರುಗಿತು.

"ಮುಳಗ್ತು ಕಾಕಾ."

"ಎಷ್ಟ ಎತ್ತರದಿಂದ ಬಿಟ್ಟಿ? ಗಂಗಾಳದಾಗ ಸಾರು ಸುರದಂಗ ಸುರದಿರಬೇಕು. ಚಮಚಾದ ತುದಿ ಕಾಫಿಗೆ ತಾಗಬೇಕು, ಅದರ ಮ್ಯಾಲಿಂದ ಕೆನಿ ಇಳೀಬೇಕು, ಮಲಗಿದ ಕೂಸಿಗೆ ಹೊದಸಿದಂಗ. ವೈನಿ, ನೋಡ್ರಿ ನಿಮ್ಮ ಮಗಳ್ನ! ಬಿ.ಎ. ಪಾಸಾಗ್ಯಾಳ, ಕೆನಿ ತೇಲಸಾಕ ಬರವಲ್ದು."

ಒಲೆಯ ಮುಂದೆ ಕೂತಿದ್ದ ಅವ್ವ ಎಷ್ಟೋ ದಿನಗಳ ಮೇಲೆ ನಕ್ಕಳು. ಐದನೆಯ ಬಟ್ಟಲಿಗೆ ಕೆನೆ ನಿಂತಿತು. ಕರಿಯ ಕಾಫಿಯ ಮೇಲೆ ಬಿಳಿ ಹಾಸು, ನಡುವೆ ನೂಲು ಹಿಡಿದು ಎಳೆದಂಥ ಗೆರೆ. ಬಟ್ಟಲನ್ನು ಕಿಟಕಿಯಲ್ಲಿ ತೋರಿಸಿದೆ. ಅವರು ಮುಟ್ಟದೆ ಬಗ್ಗಿ ನೋಡಿದರು.

"ಆತು. ಒಂದ ನೆನಪಿಡು. ಸಕ್ರಿಗೆ ಕೈ ಹಿಡಿಬ್ಯಾಡ. ಸೀ ಆಗಲಿ ಅಂತ ಅಲ್ಲ ಸಕ್ರಿ ಹಾಕೂದು. ಸಕ್ರಿ ಬಿದ್ದಷ್ಟೂ ಕಾಫಿ ಭಾರ ಆಕ್ಕೈತಿ, ಕೆನಿ ಹೊತ್ತು ನಿಂದರತೈತಿ. ಸಕ್ರಿ ಕಡಿಮಿ ಆತಂದ್ರ ಕೆನಿ ಮುಳಗತೈತಿ."

ಮರುದಿನದಿಂದ ಸಂಜೆ ನಾಲ್ಕಕ್ಕೆ ಅಪ್ಪನಿಗೆ ಕೆನೆಕಾಫಿ. ಮೊದಲ ಗುಟುಕಿಗೇ ಅವರು ಹುಬ್ಬೇರಿಸಿ, "ಮೋದೀನ ಕಲಿಸ್ಯಾನೇನು ಪದ್ಮಾ?" ಎಂದರು. ಹೌದೆಂದೆ. "ಬ್ರಾಂದಿ ಇಲ್ಲದ ಮಾಡೂದೂ ಬರತೈತೇನು ಅವಗ!" ಎಂದು ನಕ್ಕರು. ಅವರ ಬೆಳೆದ ಮೀಸೆಯ ಕೆಳಗೆ ಬಿಳಿ ಗೆರೆ ಮೂಡಿತ್ತು. ಹೊರಗೆ ಹೋಗಿ ಅದನ್ನು ಮೋದೀನಸಾಬರಿಗೆ ಹೇಳಿದೆ. ಅವರು ಸುಮ್ಮನೆ ತಲೆ ಅಲ್ಲಾಡಿಸಿ ಹೊರಟುಹೋದರು. ಮೂರು ದಿನ ಹಾಗೆ ಕುಡಿದರು. ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು. ಮೂರನೆಯ ದಿನ ದಿಂಬಿಗೆ ಒರಗಿ ಕೂತರು.

ನಾಲ್ಕನೆಯ ದಿನ ಡಬ್ಬಿಯಲ್ಲಿ ಸಕ್ಕರೆ ತಳ ಕಂಡಿತ್ತು. ರೇಷನ್ನಿನ ಕಾಲ; ಮುಂದಿನ ವಾರದ ತನಕ ಅಷ್ಟರಲ್ಲೇ ತೆಗೆಯಬೇಕು. ಇವತ್ತು ಅರ್ಧ ಹಾಕಿದರೆ ನಾಳೆಗೂ ಆಗುತ್ತದೆ ಎಂದುಕೊಂಡೆ. ಕೆನೆ ಬಿಟ್ಟಾಗ ನಿಂತಂತೆಯೇ ಕಂಡಿತು. ಪಡಸಾಲೆ ದಾಟಿ ಅಪ್ಪನ ಕೈಗೆ ಬಟ್ಟಲು ಕೊಡುವಷ್ಟರಲ್ಲಿ ಅದು ಒಂದು ಬದಿಗೆ ಸರಿದು ಒಳಗೆ ಇಳಿಯುತ್ತಿತ್ತು. ಕಂದು ಕಾಫಿಯಿಂದ ಹಬೆ ಎದ್ದಿತು. ಅಪ್ಪ ಬಟ್ಟಲನ್ನು ತುಟಿಯ ತನಕ ಒಯ್ದು ಅಲ್ಲೇ ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ.

"ಮೋದೀನನ್ನ ಕರಿ."

ಅವರು ಹಿತ್ತಲಲ್ಲೇ ಇದ್ದರು. ನಾನು ಓಡಿಹೋಗಿ ಅವರ ತೋಳು ಹಿಡಿದುಕೊಂಡೆ. ಹಾಗೆ ಅವರನ್ನು ಮುಟ್ಟಿದ್ದು ಅದೇ ಮೊದಲು.

"ಕೇಳಾಕತ್ತಾರ ಕಾಕಾ. ಇಲ್ಲ ಅನ್ರಿ. ನಿಮ್ಮ ಕಾಲ ಬೀಳತೀನಿ, ಇಲ್ಲ ಅಂದ್ಬಿಡ್ರಿ."

ಅವರು ಕಾಲು ತೊಳೆದುಕೊಂಡು ಪಡಸಾಲೆಯ ಹೊಸ್ತಿಲ ಹೊರಗೆ ಬಂದು ನಿಂತರು. ಅಪ್ಪ ಬಟ್ಟಲು ಮುಂದೆ ಹಿಡಿದರು.

"ಮೋದೀನಾ, ಇದು ಜ್ವರದ ಮೂಗು. ಇದನ್ನ ನಂಬಾಂಗಿಲ್ಲ. ನೀ ಹೇಳು. ಇದರಾಗ ಐತೇನು?"

ಅವರು ಸ್ವಲ್ಪ ತಡೆದರು. ಎಷ್ಟು ಹೊತ್ತೆಂದು ಹೇಳಲಾರೆ. ನನಗೆ ಅದು ಬಹಳ ದೀರ್ಘವಾಗಿ ನೆನಪಿದೆ, ಅವ್ವನಿಗೆ ಅವರು ತಡೆದದ್ದೇ ನೆನಪಿಲ್ಲ.

"ಐತ್ರಿ ಅಣ್ಣಾರ."

"ಮೂರೂ ದಿನ?"

"ಮೂರೂ ದಿನ."

ಅಪ್ಪ ಬಟ್ಟಲನ್ನು ಕೆಳಗಿಟ್ಟು, ಬಾಯಿ ಮುಕ್ಕಳಿಸಲು ನೀರು ತಾ ಎಂದು ನನಗೆ ಹೇಳಿದರು. ನಾನು ಒಳಗೆ ಹೋಗಿ, ಹಂಡೆಯ ಮುಂದೆ ನಿಂತು, ಮುಖ ತೊಳೆದುಕೊಂಡು, ತಂಬಿಗೆ ತುಂಬಿಕೊಂಡು ಹೊರಗೆ ಬಂದೆ. ಮೋದೀನಸಾಬರು ನೆಲ ನೋಡುತ್ತಿದ್ದರು. ಅಪ್ಪ ನನ್ನನ್ನು ಬೈಯಲಿಲ್ಲ. ಅದೇ ನನಗೆ ಆಶ್ಚರ್ಯ.

ವ್ರತ ಕೆಟ್ಟದ್ದಕ್ಕೆ ಪ್ರಾಯಶ್ಚಿತ್ತವೆಂದು ಮರುದಿನ ಪೂರ್ತಿ ಉಪವಾಸ ಮಾಡಿದರು. ನೀರನ್ನೂ ಮುಟ್ಟಲಿಲ್ಲ. ಡಾಕ್ಟರರು ಬಂದು ಕೈಮುಗಿದು ಕೇಳಿದರು. ಅವ್ವ ಕಾಲು ಹಿಡಿದುಕೊಂಡಳು. ಅಪ್ಪ, "ಒಂದ ದಿನ. ಒಂದ ದಿನಕ್ಕ ಯಾರೂ ಸಾಯಾಂಗಿಲ್ಲ" ಎಂದರು.

ಅದರ ಮರುದಿನ ಬೆಳಿಗ್ಗೆ ಪಾರಣೆ, ಉಪವಾಸ ಬಿಡುವ ಹೊತ್ತು. ಅವ್ವ ಹೆಸರುಬೇಳೆಯ ಕಟ್ಟು ಮಾಡಿ ತಂದಳು. ಅಪ್ಪ ಬೇಡವೆಂದರು.

"ಕೆನಿಕಾಫಿ ಆಗಲಿ. ಬ್ರಾಂದಿ ಇಲ್ಲದ್ದು. ಮೋದೀನ ಮಾಡ್ಲಿ. ಒಳಗ ಬಂದ ಮಾಡ್ಲಿ."

"ಅಡಗಿಮನಿಯೊಳಗ?" ಅವ್ವ ಗಾಬರಿಯಾದಳು. "ಉಪವಾಸಾ ಬಿಡೂದು ಅವನ ಕೈಲೆ?"

"ತಪ್ಪು ಮಾಡಿ ಒಪ್ಪಿಕೊಂಡ ಕೈ ಅದು. ಮಾಡ್ಲಿ."

ಮೋದೀನಸಾಬರು ಒಳಗೆ ಬಂದರು. ನಮ್ಮ ಒಲೆಯ ಮುಂದೆ ಕೂತಾಗ ಅವರ ಕೈ ತಡವರಿಸುತ್ತಿತ್ತು. ಯಾವ ಪಾತ್ರೆ ಮುಟ್ಟಬಹುದು, ಯಾವುದು ಬೇಡ ಎಂದು ಅವ್ವನ ಕಡೆಗೆ ನೋಡುತ್ತಿದ್ದರು. ಅವ್ವ ಕಡೆಗೆ ತಾನೇ ಎದ್ದು, ಬೆಳ್ಳಿಯ ಬಟ್ಟಲು ತೆಗೆದು ಅವರ ಮುಂದಿಟ್ಟಳು. ಡಬ್ಬಿಯಲ್ಲಿ ಉಳಿದಿದ್ದ ಸಕ್ಕರೆಯನ್ನೆಲ್ಲ ಅವರು ಹಾಕಿದರು. ಅಪ್ಪ, ಎರಡು ಮಾಡು, ನೀನೂ ಕುಡಿ ಎಂದರು. ಅಪ್ಪ ಹಾಸಿಗೆಯಲ್ಲಿ, ಅವರು ಹೊಸ್ತಿಲ ಒಳಗೆ ನೆಲದ ಮೇಲೆ. ಇಬ್ಬರೂ ತಮ್ಮ ಆಯುಷ್ಯವೆಲ್ಲ ಬೇರೆಯವರಿಗೆ ಕೊಟ್ಟ ಕೆನೆಕಾಫಿಯನ್ನು, ಬ್ರಾಂದಿ ಕಳೆದು ಉಳಿದಷ್ಟನ್ನು, ಒಟ್ಟಿಗೆ ಕುಡಿದರು.

"ಹೆಂಗೈತಿ?" ಎಂದರು ಅಪ್ಪ.

ಮೋದೀನಸಾಬರು ನಾಲಿಗೆಯಿಂದ ತುಟಿ ಸವರಿಕೊಂಡು ಯೋಚಿಸಿದರು. "ಇಷ್ಟಕ್ಕ ಅಷ್ಟೊಂದು ಗದ್ಲಾ ಮಾಡತಿದ್ರೇನ್ರಿ ಅಣ್ಣಾರ?"

ಅಪ್ಪ ನಗಲು ಹೋಗಿ ಕೆಮ್ಮಿದರು. ಆಮೇಲೆ ಕಣ್ಣು ಮುಚ್ಚಿ ಮಲಗಿದರು.

ಅದಾಗಿ ಆರು ದಿನಕ್ಕೆ ಅಪ್ಪ ತೀರಿಕೊಂಡರು. ಉಪವಾಸದಿಂದ ಹೋದರೋ, ಬ್ರಾಂದಿ ನಿಂತದ್ದರಿಂದ ಹೋದರೋ, ಮೊದಲೇ ಹೋಗುವವರಿದ್ದರೋ ಹೇಳಬಲ್ಲವರು ಯಾರೂ ಇಲ್ಲ. ಆದರೆ ಆ ದಿನ ನನಗೆ ಯಾವ ಸಂದೇಹವೂ ಇರಲಿಲ್ಲ. ಮಣ್ಣಿನ ಬಣ್ಣದ ಮುಖ ಹೊತ್ತು ಅಂಗಳದ ಬಾಗಿಲಿಗೆ ಬಂದ ಮೋದೀನಸಾಬರನ್ನು ನಾನು ಅಲ್ಲೇ ತಡೆದೆ.

"ನಿಮ್ಮ ಖರೆ ನಿಮಗ ದೊಡ್ಡದಾತು. ಒಂದ ಸುಳ್ಳ ಹೇಳಿದ್ರ ಅಪ್ಪ ಉಳೀತಿದ್ರು. ನಮ್ಮ ಮನಿಗೆ ಬರಬ್ಯಾಡ್ರಿ."

ನೆರೆದವರೆಲ್ಲ ಕೇಳಿದರು. ಅವರು ನನ್ನನ್ನೊಮ್ಮೆ ನೋಡಿದರು. ತಲೆಯ ರುಮಾಲು ತೆಗೆದು, ಹೊರಗಿನಿಂದಲೇ ಅಪ್ಪ ಮಲಗಿದ್ದ ಕಡೆಗೆ ಬಗ್ಗಿ, ತಿರುಗಿ ಹೋದರು. ಸಕ್ಕರೆ ಕಡಿಮೆ ಹಾಕಿದವಳು ನಾನು ಎಂದು ಅವತ್ತು ಯಾರಿಗೂ ಹೇಳಲಿಲ್ಲ. ನನಗೆ ನಾನೇ ಹೇಳಿಕೊಳ್ಳಲು ಕೂಡ ವರ್ಷಗಳು ಹಿಡಿದವು.

ಬನಹಟ್ಟಿಯ ಸಾಲೆಯಲ್ಲಿ ನನಗೆ ಶಿಕ್ಷಕಿಯ ಕೆಲಸ ಸಿಕ್ಕಿತು. ಸಂಸ್ಥಾನಗಳು ವಿಲೀನವಾದ ವರ್ಷ ಬೇಸಿಗೆ ರಜೆಗೆ ಜಮಖಂಡಿಗೆ ಬಂದಾಗ, ಬಂಗಲೆ ಮುಚ್ಚಿದ ಸುದ್ದಿಯ ಜೊತೆಗೆ ಮೋದೀನಸಾಬರಿಗೆ ಕಣ್ಣು ಮಂಜಾಗಿದೆ, ಮನೆಯಲ್ಲೇ ಇರುತ್ತಾರೆ ಎಂಬುದೂ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಹೋದೆ. ಕ್ಷಮೆ ಕೇಳಲು ಹೋದೆ ಎಂದು ಬರೆಯಬೇಕೆನಿಸುತ್ತದೆ. ನಿಜ ಹೇಳಬೇಕೆಂದರೆ, ಅವರು ತಮ್ಮದೇ ತಪ್ಪು ಎನ್ನಬಹುದು, ನನಗೆ ಹಗುರವಾಗಬಹುದು ಎಂಬ ಆಸೆಯೂ ಇತ್ತು.

ಹೊರಸಿನ ಮೇಲೆ ಕೂತಿದ್ದರು. ನನ್ನ ಚಪ್ಪಲಿಯ ಸಪ್ಪಳಕ್ಕೆ ತಲೆ ವಾಲಿಸಿ, "ಕಾರಕೂನರ ಮಗಳಲ್ಲೇನು?" ಎಂದರು. ಅವರ ಮಗಳು ನೀರು ತಂದುಕೊಟ್ಟಳು. ಕುಡಿದೆ. ನಾನು ಕುಡಿಯುವ ಸಪ್ಪಳವನ್ನು ಅವರು ಮಾತಾಡದೆ ಕೇಳಿದರು.

ಬಹಳ ಹೊತ್ತು ಆ ಮಾತು ಈ ಮಾತು ಆಯಿತು. ಕಡೆಗೆ ನಾನೇ ಅಂದೆ:

"ಕಾಕಾ, ಅವತ್ತ ಬಾಗಿಲದಾಗ ನಾ ಹಂಗ ಅನಬಾರದಿತ್ತು. ಮೋಸಾ ಮಾಡೋಣು ಅಂದಾಕಿ ನಾನು. ಸಕ್ರಿ ಕಡಿಮಿ ಹಾಕಿದಾಕಿನೂ ನಾನು. ಅಪ್ಪನ ಮುಂದ ನನಗ ಹೇಳಾಕ ಆಗಲಿಲ್ಲ. ಆದ್ರ ಅವರೂ ನನ್ನ ಕೇಳಲಿಲ್ಲ. ಯಾಕ ಕೇಳಲಿಲ್ಲ ಅಂತ ಇವತ್ತಿನ ತನಕಾ ತಿಳೀಲಿಲ್ಲ ನನಗ."

"ನನ್ನ ಕೇಳಿದ್ರವ್ವ."

"ಏನಂತ?"

"ನೀ ನೀರು ತರಾಕ ಒಳಗ ಹೋಗಿದ್ದಿ ನೋಡು, ಆವಾಗ. ಇದು ಯಾರ ವಿಚಾರ ಮೋದೀನಾ, ಪದ್ಮಾಂದೇನು ಅಂತ ಕೇಳಿದ್ರು."

"ನೀವೇನಂದ್ರಿ ಕಾಕಾ?"

"ನಂದರಿ ಅಣ್ಣಾರ ಅಂದೆ. ಹುಡುಗಿಗೆ ಏನೂ ಗೊತ್ತಿಲ್ಲರಿ, ಹಕೀಮರ ಔಷಧ ಅಂತ ನಾನ ಬ್ಯಾರೆ ಸೀಸೆ ಕೊಟ್ಟೇನ್ರಿ ಅಂದೆ." ಅವರು ಮಂಜುಗಣ್ಣನ್ನು ಬಾಗಿಲ ಬೆಳಕಿನ ಕಡೆಗೆ ತಿರುಗಿಸಿದರು. "ಕುಡದಿದ್ದು ಏನಂತ ಅವರಿಗೆ ಗೊತ್ತಾಗಬೇಕಿತ್ತು, ಅದು ಅವರ ವ್ರತ. ಯಾರು ಕುಡಿಸಿದ್ರು ಅಂತ ಗೊತ್ತಾಗಿ ಏನಾಗಬೇಕಿತ್ತು? ಮಗಳು ಮೋಸಾ ಮಾಡಿದ್ಲು ಅನ್ನೂದನ್ನ ಎದಿಮ್ಯಾಲೆ ಇಟ್ಕೊಂಡ ಹ್ವಾದ್ರ ಛಲೋ ಇರತಿತ್ತೇನು?"

ಅವರು ಆಮೇಲೆ ಹೇಳಿದ್ದೆಲ್ಲ ನನಗೆ ನೆನಪಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟರೋ, ಇಟ್ಟಂತೆ ನಾನು ಆಮೇಲೆ ಅಂದುಕೊಂಡೆನೋ ತಿಳಿಯದು. ಹೊರಡುವಾಗ, ದೀವಳಿಗೆ ರಜೆಗೆ ಮತ್ತೆ ಬರುತ್ತೇನೆ ಎಂದೆ. "ಬಾ ತಂಗಿ" ಎಂದರು. ದೀವಳಿಗೆಗೆ ಹೋದಾಗ ಆ ಹೊರಸಿನ ಮೇಲೆ ಅವರ ಮೊಮ್ಮಗು ಮಲಗಿತ್ತು. ಅವರು ಹೋಗಿ ತಿಂಗಳಾಗಿತ್ತು. ಬನಹಟ್ಟಿಯಲ್ಲಿದ್ದ ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲು ನಾನು ಅವರ ಯಾರೂ ಆಗಿರಲಿಲ್ಲವಲ್ಲ.

ನಾನು ಬಲ್ಲಂತೆ ಮೋದೀನಸಾಬರು ಅಪ್ಪನಿಗೆ ಹೇಳಿದ ಸುಳ್ಳು ಅದೊಂದೇ. ಅಪ್ಪ ಅದನ್ನು ನಂಬಿ ಹೋದರು. ಆ ಸುಳ್ಳು ನನಗೆ ಆಗ ತಿಳಿದಿರಲಿಲ್ಲ; ಆದರೂ ಕುಡಿಸಿದವಳು ನಾನು ಎಂದು ಅಪ್ಪನಿಗೆ ಹೇಳಬೇಕಾಗಿದ್ದವಳು ನಾನೇ. ಪಾರಣೆಯ ಮೇಲೂ ಅಪ್ಪ ಆರು ದಿನ ಬದುಕಿದ್ದರು.